ಮಳೆನಾಡಿನ ಸುದ್ದಿ ಬೆಂಗಳೂರನ್ನು ಮುಟ್ಟುವ ಬಗೆ

ಆಷಾಢ ಮಾಸದ ಒಂದು ರಾತ್ರಿಯನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಬೇಕು. ಹೊಸನಗರ ತಾಲ್ಲೂಕಿನ ಹುಲಿಕಲ್ಲು, ಯಡೂರು, ನಗರ ಮೊದಲಾದ ಕಡೆಗಳಲ್ಲಿ ಜಡಿಮಳೆಯು ಮೂರು ದಿನಗಳಿಂದ ಒಂದೇ ಸಮನೆ ಹೊಯ್ಯುತ್ತಿದೆ. ಹಳ್ಳಕೊಳ್ಳಗಳು ದಡ ಮೀರಿವೆ. ರಾತ್ರಿ ಹನ್ನೊಂದು ಗಂಟೆಯ ಸುಮಾರಿಗೆ ಯಾವುದೋ ಅಡಕೆ ತೋಟದ ಅಂಚಿನಲ್ಲಿ ಹಳೆಯ ಮರವೊಂದರ ಕೊಂಬೆ ಮುರಿದು, ಹನ್ನೊಂದು ಸಾವಿರ ವೋಲ್ಟಿನ ತಂತಿಯ ಮೇಲೆ ಬೀಳುತ್ತದೆ. ಸುತ್ತಲಿನ ಮನೆಗಳಲ್ಲಿ ದೀಪವು ಒಮ್ಮೆ ಆರಿ ಹತ್ತುತ್ತದೆ, ಮತ್ತೊಮ್ಮೆ ಆರುತ್ತದೆ, ಆ ಮೇಲೆ ಹತ್ತುವುದೇ ಇಲ್ಲ. 'ಕರೆಂಟು ಹೋಯಿತು' ಎಂದು ಮನೆಯವರು ಚಿಮಣಿ ಬುಡ್ಡಿಯನ್ನು ಹುಡುಕಲು ಏಳುತ್ತಾರೆ.

ದೀಪ ಆರಿ, ಹತ್ತಿ, ಮತ್ತೆ ಆರಿದ ಈ ಸಣ್ಣ ನಾಟಕವು ಕೆಲವೇ ಸೆಕೆಂಡುಗಳಲ್ಲಿ ಮುಗಿದುಹೋದುದಷ್ಟೆ. ಆದರೆ ಆ ತಂತಿಯನ್ನು ಕಾಯುವ ಸಬ್ ಸ್ಟೇಷನ್ನಿನಲ್ಲಿ ಅಷ್ಟರೊಳಗೆ ಆರೇಳು ಸಂಗತಿಗಳು ಒಂದರ ಬೆನ್ನಿಗೆ ಒಂದು ನಡೆದಿರುತ್ತವೆ. ಭೂಮಿಗೆ ಸೋರುತ್ತಿರುವ ವಿದ್ಯುತ್ತನ್ನು ರಿಲೇ ಗುರುತಿಸಿತು; ಬ್ರೇಕರ್ ತೆರೆದುಕೊಂಡಿತು; ಕೊಂಬೆ ತಾನಾಗಿ ಉದುರಿಹೋಗಿರಬಹುದೆಂಬ ಆಸೆಯಿಂದ ಯಂತ್ರವು ಸ್ವಲ್ಪ ತಡೆದು ಬ್ರೇಕರನ್ನು ತಾನೇ ಮುಚ್ಚಿತು; ದೋಷ ಇನ್ನೂ ಇರುವುದನ್ನು ಕಂಡು ರಿಲೇ ಮರಳಿ ಕೂಗಿತು; ಬ್ರೇಕರ್ ಎರಡನೆಯ ಸಲ ತೆರೆದು, 'ಇನ್ನು ನಾನಾಗಿ ಮುಚ್ಚಲಾರೆ' ಎಂದು ಬೀಗ ಹಾಕಿಕೊಂಡಿತು. ದೂರದ ನಿಯಂತ್ರಣ ಕೊಠಡಿಯಲ್ಲಿ ಕುಳಿತವನಿಗೆ ಇಷ್ಟೂ ಸಂಗತಿಗಳು, ಇದೇ ಕ್ರಮದಲ್ಲಿ, ತಿಳಿಯಬೇಕು. ಬ್ರೇಕರ್ ತೆರೆದಿದೆ ಎಂಬ ಕೊನೆಯ ಸ್ಥಿತಿಯೊಂದೇ ತಿಳಿದರೆ, ಆತನು 'ಒಮ್ಮೆ ಹಾಕಿ ನೋಡೋಣ' ಎಂದು ಅದನ್ನು ಮುಚ್ಚಲು ಅಪ್ಪಣೆ ಕೊಟ್ಟಾನು. ಆ ಹೊತ್ತಿಗೆ ತಂತಿಯು ಹರಿದು ತೋಟದ ಕಾಲುದಾರಿಯಲ್ಲಿ ಬಿದ್ದಿದ್ದರೆ, ಕಂಬಳಿಕೊಪ್ಪೆ ಹೊದ್ದು ಬ್ಯಾಟರಿ ಹಿಡಿದು ಬರುತ್ತಿರುವ ಮನುಷ್ಯನ ಗತಿಯೇನು? ಯಂತ್ರವು ಒಮ್ಮೆ ಪ್ರಯತ್ನಿಸಿ ಸೋತಿದೆ ಎಂಬ ನಡುವಣ ಕಥೆ ತಿಳಿದವನು ಹಾಗೆ ಮಾಡಲಾರನು. ಮೊದಲು ಲೈನ್‌ಮನ್ನನ್ನು ಕಳುಹಿಸಿ ದಾರಿ ನೋಡಿಸುವನು.

ನಡುವಣ ಕಥೆಯನ್ನು ಕಳೆಯದಂತೆ, ಕೆಡದಂತೆ, ಕ್ರಮ ತಪ್ಪದಂತೆ ದೂರಕ್ಕೆ ಮುಟ್ಟಿಸುವ ಏರ್ಪಾಡು ಹೇಗೆ ನಡೆಯುತ್ತದೆ ಎಂಬುದೇ ಈ ಲೇಖನದ ವಿಷಯ. ವಿದ್ಯುತ್ ವ್ಯವಸ್ಥೆಯ ದೊಡ್ಡ ಯಂತ್ರಗಳ ಮಾತು ಪುಸ್ತಕಗಳಲ್ಲಿ ಬೇಕಾದಷ್ಟು ಬರುತ್ತದೆ. ಅವುಗಳ ಸುದ್ದಿ ಸಾಗಿಸುವ ಈ ಸಣ್ಣ ಕೆಲಸಗಾರರ ಮಾತು ಬರುವುದು ಅಪರೂಪ.

ನಮ್ಮ ಉದಾಹರಣೆಗೆ ಹೊಸನಗರದ ಸೀಮೆಯನ್ನು ಆರಿಸಿಕೊಳ್ಳಲು ಕಾರಣವಿದೆ. ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳ ಮಳೆಯು ಕರ್ನಾಟಕದ ಜಲವಿದ್ಯುತ್ತಿನ ಮೂಲಧನ. ಲಿಂಗನಮಕ್ಕಿಯ ಅಣೆಕಟ್ಟು ೧೯೬೪ರಲ್ಲಿ ಮುಗಿಯಿತು. ಅದರ ಪೂರ್ಣಮಟ್ಟ ೧೮೧೯ ಅಡಿ. ಅದರ ನೀರು ತಳಕಳಲೆಯ ಜಲಾಶಯದ ಮೂಲಕ ಇಳಿದು, ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳನ್ನು ತಿರುಗಿಸುವುದು. ಅವುಗಳ ಒಟ್ಟು ಶಕ್ತಿ ೧೦೩೫ ಮೆಗಾವಾಟ್. ಹೊಸನಗರ ತಾಲ್ಲೂಕಿನ ಚಕ್ರಾ ಮತ್ತು ಸಾವೆಹಕ್ಕಲು ಅಣೆಕಟ್ಟುಗಳ ನೀರು ಕಾಲುವೆಯಿಂದ ಹರಿದು ಲಿಂಗನಮಕ್ಕಿಯನ್ನೇ ಸೇರುತ್ತದೆ. ಯಡೂರಿನ ಬಳಿಯ ಮಾಣಿ ಅಣೆಕಟ್ಟಿನ ನೀರಾದರೋ ಘಟ್ಟದ ಕೆಳಗೆ ಹೊಸಂಗಡಿಯಲ್ಲಿ ನೆಲದೊಳಗೆ ಕಟ್ಟಿರುವ ೪೬೦ ಮೆಗಾವಾಟಿನ ವಾರಾಹಿ ವಿದ್ಯುದಾಗಾರಕ್ಕೆ ಧುಮುಕುವುದು. ಜೋಗದ ಮಹಾತ್ಮಾ ಗಾಂಧಿ ವಿದ್ಯುದಾಗಾರ, ಲಿಂಗನಮಕ್ಕಿಯ ಬುಡದ ಆಗಾರ, ಗೇರುಸೊಪ್ಪೆ ಇವನ್ನೂ ಕೂಡಿಸಿದರೆ ಒಟ್ಟು ೧೯೦೦ ಮೆಗಾವಾಟಿಗೆ ಮಿಕ್ಕುತ್ತದೆ. ಈ ಎಲ್ಲಕ್ಕಾಗಿ ಊರು, ಗದ್ದೆ, ತೋಟಗಳನ್ನು ನೀರಿಗೆ ಬಿಟ್ಟು ಎದ್ದುಹೋದವರು ಇಲ್ಲಿಯವರೇ. 'ಮುಳುಗಡೆ' ಎಂಬ ಮಾತು ಇಲ್ಲಿ ಇಂದಿಗೂ ಬರಿಯ ನಿಘಂಟಿನ ಶಬ್ದವಲ್ಲ. ಅಂಥವರ ಮನೆಯಲ್ಲಿ ಮಳೆಗಾಲದ ರಾತ್ರಿ ದೀಪ ಆರಿದಾಗ, ಅದು ಏಕೆ ಆರಿತೆಂಬುದನ್ನು ತಿಳಿದು ಬೇಗನೆ ಸರಿಪಡಿಸುವುದು ನ್ಯಾಯವಾದ ಋಣಸಂದಾಯವೆಂದೇ ನಾವು ಭಾವಿಸುತ್ತೇವೆ.

ಹಿಂದೆ ಸುದ್ದಿಯು ಮನುಷ್ಯನ ಬಾಯಿಂದ ಹೋಗುತ್ತಿತ್ತು. ಸಬ್ ಸ್ಟೇಷನ್ನಿನ ಆಪರೇಟರ್ ಗಂಟೆಗೊಮ್ಮೆ ಮಾಪಕಗಳ ಮುಂದೆ ನಡೆದು, ವೋಲ್ಟು, ಆಂಪಿಯರುಗಳನ್ನು ಲಾಗ್ ಪುಸ್ತಕದಲ್ಲಿ ಬರೆಯುವನು. ಏನಾದರೂ ಕೆಟ್ಟರೆ ಫೋನೆತ್ತಿ ಕೂಗುವನು. ಆ ಫೋನಿನ ಧ್ವನಿಯು ಅಧಿಕ ವೋಲ್ಟೇಜಿನ ತಂತಿಯ ಮೇಲೆಯೇ ಸವಾರಿ ಮಾಡಿಕೊಂಡು ಹೋಗುವ ಒಂದು ಜಾಣ ಉಪಾಯವೂ ಇತ್ತು. ಲಾಗ್ ಪುಸ್ತಕವು ಒಳ್ಳೆಯ ವಸ್ತು. ಅದನ್ನು ನಾವು ಹೀಗಳೆಯುವುದಿಲ್ಲ. ಆದರೆ ಅರ್ಧ ಸೆಕೆಂಡಿನಲ್ಲಿ ನಡೆದುಹೋದ ನಾಲ್ಕು ಸಂಗತಿಗಳಲ್ಲಿ ಯಾವುದು ಮೊದಲು, ಯಾವುದು ಅನಂತರ ಎಂದು ಯಾವ ಮನುಷ್ಯನೂ ಬರೆದಿಡಲಾರನು.

ಈಗ ಆ ಕೆಲಸವನ್ನು ಸಬ್ ಸ್ಟೇಷನ್ನಿನ ಒಂದು ಪೆಟ್ಟಿಗೆ ಮಾಡುತ್ತದೆ. ಎಂಜಿನಿಯರುಗಳು ಅದನ್ನು ಆರ್‌ಟಿಯು ಎನ್ನುವರು. ಬ್ರೇಕರುಗಳ, ರಿಲೇಗಳ, ಮಾಪಕಗಳ ತಂತಿಗಳೆಲ್ಲ ಬಂದು ಅದಕ್ಕೆ ಸೇರುತ್ತವೆ. ದೂರದ ನಿಯಂತ್ರಣ ಕೇಂದ್ರದಲ್ಲಿ ಸ್ಕಾಡಾ ಎಂಬ ಗಣಕ ವ್ಯವಸ್ಥೆಯಿದೆ. ರಾಜ್ಯದ ಮಟ್ಟದಲ್ಲಿ ಅಂಥ ಕೇಂದ್ರವು ಬೆಂಗಳೂರಿನಲ್ಲಿರುವ ರಾಜ್ಯ ಭಾರ ರವಾನೆ ಕೇಂದ್ರ. ಪೆಟ್ಟಿಗೆಯೂ ಕೇಂದ್ರವೂ ಮಾತಾಡಲು ಒಪ್ಪಿಕೊಂಡಿರುವ ವ್ಯಾಕರಣಕ್ಕೆ ಪ್ರೋಟೋಕಾಲ್ ಎಂದು ಹೆಸರು.

ಅತ್ಯಂತ ಸರಳವಾದ ವ್ಯಾಕರಣ ಯಾವುದು? ಕೇಂದ್ರವು ಶಾಲೆಯ ಉಪಾಧ್ಯಾಯರಂತೆ ಹಾಜರಿ ಕರೆಯುವುದು. 'ಒಂದನೆಯ ಸ್ಟೇಷನ್, ನಿನ್ನ ಸ್ಥಿತಿಯೆಲ್ಲ ಹೇಳು. ಎರಡನೆಯದು, ನೀನು ಹೇಳು.' ಇದರಲ್ಲಿ ಮೋಸವಿಲ್ಲ. ಆದರೆ ಕಾಲ ಹಿಡಿಯುವುದು. ಕಾಡಿನ ನಡುವಿನ ಸ್ಟೇಷನ್ನುಗಳಿಗೆ ಉಪಗ್ರಹದ ಮೂಲಕ ಸಂಪರ್ಕ ಕಲ್ಪಿಸುವುದುಂಟು. ಭೂಸ್ಥಿರ ಉಪಗ್ರಹವು ಭೂಮಧ್ಯರೇಖೆಯ ಮೇಲೆ ೩೫,೭೮೬ ಕಿಲೋಮೀಟರ್ ಎತ್ತರದಲ್ಲಿದೆ. ಪ್ರಶ್ನೆಯೊಂದು ಅಲ್ಲಿಗೆ ಏರಿ ಇಳಿಯಲು, ಬೆಳಕಿನ ವೇಗದಲ್ಲಿ ಹೋದರೂ, ಸುಮಾರು ೦.೨೪ ಸೆಕೆಂಡು ಬೇಕು. ಉತ್ತರ ಬರಲು ಮತ್ತಷ್ಟೇ. ಒಂದು ಸ್ಟೇಷನ್ನಿಗೆ ೦.೪೮ ಸೆಕೆಂಡು ಎಂದಾದರೆ, ಒಂದೇ ದಾರಿಯಲ್ಲಿ ಸಾಲಾಗಿ ನೂರು ಸ್ಟೇಷನ್ನುಗಳ ಹಾಜರಿ ಮುಗಿಯಲು ೪೮ ಸೆಕೆಂಡು. ನಮ್ಮ ಅಡಕೆ ತೋಟದ ನಾಟಕವು ಅಷ್ಟರಲ್ಲಿ ಆರಂಭವಾಗಿ ಮುಗಿದೇಹೋಗುವುದು. ಇನ್ನೂ ವಿಚಿತ್ರವೆಂದರೆ, ಕೊಂಬೆಯು ಮೊದಲ ಸಲವೇ ಉದುರಿ, ಬ್ರೇಕರ್ ಮತ್ತೆ ಮುಚ್ಚಿ ನಿಂತಿದ್ದರೆ, ಮುಂದಿನ ಹಾಜರಿಯಲ್ಲಿ ಅದು 'ಮುಚ್ಚಿದ್ದೇನೆ' ಎಂದೇ ಹೇಳುವುದು. ಹಿಂದಿನ ಸಲವೂ ಅದೇ ಉತ್ತರ. ಕೇಂದ್ರದ ಲೆಕ್ಕದಲ್ಲಿ ಏನೂ ನಡೆದೇ ಇಲ್ಲ! ಆ ತಂತಿಗೆ ಮರ ತಾಗುತ್ತಿದೆ ಎಂಬ ಎಚ್ಚರಿಕೆ ಯಾರ ಕಿವಿಗೂ ಬೀಳದೆ ಕಳೆದುಹೋಯಿತು.

ಆದುದರಿಂದ ಪ್ರೋಟೋಕಾಲುಗಳು ಎರಡು ಬಗೆಯ ಸುದ್ದಿಯನ್ನು ಬೇರ್ಪಡಿಸುತ್ತವೆ. ಒಂದು, ಈಗಿನ ಸ್ಥಿತಿ. ಇನ್ನೊಂದು, ಘಟನೆ, ಎಂದರೆ ಬದಲಾವಣೆಯ ದಾಖಲೆ. ಏನು ಬದಲಾಯಿತು, ಯಾವುದಕ್ಕೆ ಬದಲಾಯಿತು, ಯಾವ ಗಳಿಗೆಯಲ್ಲಿ, ಆ ಮಾಪನವನ್ನು ನಂಬಬಹುದೇ ಇಲ್ಲವೇ, ಇಷ್ಟನ್ನೂ ಪೆಟ್ಟಿಗೆಯು ಒಂದು ಚೀಟಿಯಲ್ಲಿ ಬರೆದು ತನ್ನ ನೆನಪಿನ ಸಾಲಿಗೆ ಹಾಕುವುದು. ಆ ಸಾಲಿಗೆ ಬಫರ್ ಎಂದು ಹೆಸರು. ಕೇಂದ್ರವು ಕೇಳಿದಾಗ, ಅಥವಾ ಅನುಮತಿಯಿದ್ದರೆ ಕೇಳದೆಯೇ, ಚೀಟಿಗಳನ್ನು ಕಳುಹಿಸುವುದು. ಹೀಗಾದರೆ ಸುದ್ದಿ ತಡವಾದೀತೇ ಹೊರತು ಕಳೆಯದು.

ಬ್ರೇಕರಿನ ವಿಷಯದಲ್ಲಿ ಬದಲಾವಣೆ ಎಂದರೇನೆಂಬುದು ಸುಲಭ. ಅದಕ್ಕೆ ತೆರೆದದ್ದು, ಮುಚ್ಚಿದ್ದು ಎಂಬ ಸ್ಥಿತಿಗಳೇ ಮುಖ್ಯ. ಆದರೆ ಅಳತೆಗಳ ಗತಿಯೇನು? ಫೀಡರಿನಲ್ಲಿ ಹರಿಯುವ ವಿದ್ಯುತ್ತು ಯಾರದೋ ಪಂಪು ಹೊರಟಿತೆಂದು, ಯಾರದೋ ಗಿರಣಿ ನಿಂತಿತೆಂದು ಸದಾ ತೂಗಾಡುತ್ತಿರುವುದು. ಪ್ರತಿಯೊಂದು ತೂಗಾಟಕ್ಕೂ ಚೀಟಿ ಬರೆದರೆ ದಾರಿಯೆಲ್ಲ ಚೀಟಿಯಿಂದ ತುಂಬಿಹೋಗುವುದು. ಆದುದರಿಂದ 'ಇಷ್ಟು ಆಂಪಿಯರಿನೊಳಗಿನ ವ್ಯತ್ಯಾಸಕ್ಕೆ ಮಾತಾಡಬೇಡ' ಎಂದು ಒಂದು ಮಿತಿಯನ್ನು ಗೊತ್ತುಮಾಡುತ್ತಾರೆ. ಅದರ ಹೆಸರು ಡೆಡ್‌ಬ್ಯಾಂಡ್. ಮೌನದ ಪಟ್ಟಿ ಎಂದರೂ ಸಲ್ಲುವುದು. ೧೦೦ ಆಂಪಿಯರ್ ಹರಿಯುವ ಫೀಡರಿಗೆ ೫ ಆಂಪಿಯರಿನ ಮೌನವನ್ನು ವಿಧಿಸಿದರೆ ನಷ್ಟವಿಲ್ಲ.

ಈ ಮೌನವನ್ನು ಎಷ್ಟು ವಿಧಿಸಬೇಕೆಂಬುದು ಮಾತ್ರ ಪುಸ್ತಕದಿಂದ ಬರುವ ವಿದ್ಯೆಯಲ್ಲ. ಲಿಂಗನಮಕ್ಕಿಯನ್ನೇ ನೋಡಿ. ತುಂಬಿದಾಗ ಅದರ ಹರವು ೩೦೦ ಚದರ ಕಿಲೋಮೀಟರಿಗೂ ಮಿಕ್ಕುವುದು. ಲೆಕ್ಕಕ್ಕೆ ೩೦೦ ಎಂದೇ ಹಿಡಿದರೂ, ನೀರು ಒಂದೇ ಒಂದು ಸೆಂಟಿಮೀಟರ್ ಏರಿತೆಂದರೆ ೩೦ ಲಕ್ಷ ಘನ ಮೀಟರ್ ನೀರು ಬಂದು ಸೇರಿದೆ ಎಂದರ್ಥ. ಸೆಕೆಂಡಿಗೆ ೧೦೦೦ ಘನ ಮೀಟರಿನಂತೆ ಹೊಳೆಯೇ ನುಗ್ಗಿಬರುತ್ತಿದ್ದರೂ ಆ ಒಂದು ಸೆಂಟಿಮೀಟರಿಗೆ ೩೦೦೦ ಸೆಕೆಂಡು, ಅಂದರೆ ೫೦ ನಿಮಿಷ ಬೇಕು. 'ಐದು ಸೆಂಟಿಮೀಟರ್ ತಾನೆ, ಏನು ಮಹಾ' ಎಂದು ಅಷ್ಟು ಅಗಲದ ಮೌನವನ್ನು ವಿಧಿಸಿದರೆ, ನಾಲ್ಕು ಗಂಟೆಗೂ ಹೆಚ್ಚು ಕಾಲ ಕೇಂದ್ರಕ್ಕೆ ಸುಳಿವೇ ಸಿಗದು. ಬಹಳ ಸಣ್ಣದು ಮಾಡಿದರೋ, ಗಾಳಿಗೆ ಏಳುವ ಅಲೆಗಳೇ ಘಟನೆಗಳಾಗಿ ಸಾಲುಗಟ್ಟುವುವು. ಅದಕ್ಕೆಂದು ಮಾಪಕವನ್ನು ಅಲೆಯ ತಾಡನವಿಲ್ಲದ ಬಾವಿಯೊಂದರಲ್ಲಿ ಇಡುವುದು, ಕೆಲವು ನಿಮಿಷಗಳ ಸರಾಸರಿ ತೆಗೆದು ನೋಡುವುದು ಮುಂತಾದ ಉಪಾಯಗಳನ್ನು ಮಾಡುತ್ತಾರೆ.

ಇಲ್ಲಿಯೇ ಒಂದು ಸೂಕ್ಷ್ಮವುಂಟು. ಗಣಿತದಲ್ಲಿ ಆಸಕ್ತಿಯುಳ್ಳ ವಿದ್ಯಾರ್ಥಿಗಳು ಗಮನಿಸಬೇಕು. ಹೊಸ ಅಳತೆಯನ್ನು ಯಾವುದರೊಡನೆ ಹೋಲಿಸಿ ವ್ಯತ್ಯಾಸ ನೋಡಬೇಕು? ಇದಕ್ಕೆ ಹಿಂದಿನ ಅಳತೆಯೊಡನೆ ಎಂದು ತಟ್ಟನೆ ಹೇಳಿದರೆ ತಪ್ಪಾಯಿತು. ನೀರು ನಿಮಿಷಕ್ಕೆ ಕೂದಲೆಳೆಯಷ್ಟು ಏರುತ್ತಿದ್ದರೆ, ಪ್ರತಿ ಅಳತೆಯೂ ಹಿಂದಿನದಕ್ಕಿಂತ ಕೂದಲೆಳೆಯಷ್ಟೇ ಹೆಚ್ಚು. ಮಿತಿಯನ್ನು ಅದು ಎಂದಿಗೂ ದಾಟದು. ಅಣೆಕಟ್ಟು ತುಂಬಿದರೂ ಪೆಟ್ಟಿಗೆಯು ಬಾಯಿ ಬಿಡದು! ಹೋಲಿಸಬೇಕಾದುದು ಕೊನೆಯ ಸಲ ವರದಿ ಮಾಡಿದ ಬೆಲೆಯೊಡನೆ. ಆಗ ಕೂದಲೆಳೆಗಳು ಕೂಡುತ್ತ ಹೋಗಿ, ಮಿತಿ ಮುಟ್ಟಿದೊಡನೆ ಚೀಟಿ ಹೊರಡುವುದು. ಇಷ್ಟು ಸಣ್ಣ ವ್ಯತ್ಯಾಸದಲ್ಲಿ ಇಡೀ ಉಪಕರಣದ ಪ್ರಯೋಜನವೇ ಅಡಗಿದೆ.

ಸರದಿಯ ಪ್ರಶ್ನೆ

ಚೀಟಿಗಳು ಸಾಲಿನಲ್ಲಿ ನಿಂತವು. ಯಾವುದು ಮೊದಲು ಹೋಗಬೇಕು? ಬ್ರೇಕರ್ ಬಿದ್ದ ಸುದ್ದಿಯೂ, ಬ್ಯಾಟರಿ ಕೋಣೆಯ ಉಷ್ಣತೆ ಒಂದು ಡಿಗ್ರಿ ಏರಿದ ಸುದ್ದಿಯೂ ಸರಿಸಮಾನವಲ್ಲ. ಇದಕ್ಕೆ ಬೇರೆ ಬೇರೆ ಪ್ರೋಟೋಕಾಲುಗಳು ಬೇರೆ ಬೇರೆ ಉತ್ತರ ಕೊಟ್ಟಿವೆ.

ಕೆನಡಾ ದೇಶದ ಕ್ಯಾಲ್ಗರಿಯ ವೆಸ್ಟ್ರಾನಿಕ್ ಎಂಬ ಸಂಸ್ಥೆಯಲ್ಲಿ ಹುಟ್ಟಿ, ೧೯೯೩ರಲ್ಲಿ ಬಳಕೆದಾರರ ಸಂಘವೊಂದರ ಕೈಗೆ ಬಂದ ಪ್ರೋಟೋಕಾಲಿಗೆ ಡಿ.ಎನ್.ಪಿ.೩ ಎಂದು ಹೆಸರು. ಅಮೆರಿಕದ ವಿದ್ಯುತ್ ಮತ್ತು ಇಲೆಕ್ಟ್ರಾನಿಕ್ ಎಂಜಿನಿಯರುಗಳ ಸಂಸ್ಥೆಯು ೨೦೧೦ರಲ್ಲಿ ಅದನ್ನು ೧೮೧೫ ಎಂಬ ಸಂಖ್ಯೆಯ ಮಾನಕವಾಗಿ ಅಂಗೀಕರಿಸಿತು. ಇದರಲ್ಲಿ ನಾಲ್ಕು ವರ್ಗಗಳಿವೆ. ಸೊನ್ನೆಯ ವರ್ಗವೆಂದರೆ ಘಟನೆಯಲ್ಲ, ಈಗಿನ ಸ್ಥಿತಿಯ ಒಟ್ಟು ಚಿತ್ರ. ಒಂದು, ಎರಡು, ಮೂರನೆಯ ವರ್ಗಗಳು ಘಟನೆಗಳಿಗೆ ಮೀಸಲು. ಯಾವ ಬಿಂದುವಿನ ಘಟನೆ ಯಾವ ವರ್ಗಕ್ಕೆ ಎಂಬುದನ್ನು ಉಪಯೋಗಿಸುವ ಎಂಜಿನಿಯರನೇ ಗೊತ್ತುಮಾಡಬೇಕು. ಸಾಮಾನ್ಯವಾಗಿ ಬ್ರೇಕರ್, ರಿಲೇಗಳು ಒಂದಕ್ಕೆ, ಅಳತೆಗಳು ಎರಡಕ್ಕೆ, ಉಳಿದ ಚಿಲ್ಲರೆ ಸಂಗತಿಗಳು ಮೂರಕ್ಕೆ ಹೋಗುತ್ತವೆ. ಒಂದನೆಯ ವರ್ಗವೇ ಶ್ರೇಷ್ಠವೆಂದು ಕಟ್ಟಳೆಯೇನೂ ಇಲ್ಲ. ಅದನ್ನು ಸೆಕೆಂಡಿಗೊಮ್ಮೆ, ಮೂರನ್ನು ನಿಮಿಷಕ್ಕೊಮ್ಮೆ ಕೇಳುವ ರೂಢಿಯಿಂದ ಅದಕ್ಕೆ ಶ್ರೇಷ್ಠತೆ ಬಂದಿದೆ, ಅಷ್ಟೆ. ಭಾರತದಲ್ಲಿ ಹೆಚ್ಚು ಬಳಕೆಯಲ್ಲಿರುವುದು ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗದ ೬೦೮೭೦-೫-೧೦೧ ಮತ್ತು ೧೦೪ ಎಂಬ ಜೋಡಿ. ೧೦೧ರಲ್ಲಿಯೂ 'ಒಂದನೆಯ ವರ್ಗ, ಎರಡನೆಯ ವರ್ಗ' ಎಂಬ ಮಾತುಗಳಿವೆ. ಆದರೆ ಅಲ್ಲಿ ಅವು ನಿಜವಾಗಿಯೇ ತುರ್ತಿನ ಮತ್ತು ಸಾಮಾನ್ಯದ ಸುದ್ದಿಗಳು. ಹೆಸರು ಒಂದೇ ಇದ್ದು ಅರ್ಥ ಬೇರೆಯಾದುದರಿಂದ, ಕಲಿತವರೂ ಇಲ್ಲಿ ಎಡವುವುದನ್ನು ನಾವು ಕಂಡಿದ್ದೇವೆ.

ವರ್ಗಗಳನ್ನು ಮಾಡಿದೊಡನೆ ಒಂದು ಹೊಸ ತೊಡಕು ಹುಟ್ಟುತ್ತದೆ. ಮೂರು ವರ್ಗಗಳನ್ನು ಬೇರೆ ಬೇರೆಯಾಗಿ ಕೇಳಿ ತರಿಸಿಕೊಂಡರೆ, ಅವು ಬಂದು ಮುಟ್ಟುವ ಕ್ರಮವೇ ನಡೆದ ಕ್ರಮವಲ್ಲ. ಫೀಡರಿನ ವಿದ್ಯುತ್ತು ಥಟ್ಟನೆ ಏರಿದ ಸುದ್ದಿ ಎರಡನೆಯ ವರ್ಗದ್ದು. ಅದರಿಂದಾಗಿ ಬ್ರೇಕರ್ ತೆರೆದದ್ದು ಒಂದನೆಯ ವರ್ಗದ್ದು. ಕೇಂದ್ರಕ್ಕೆ ಮೊದಲು ತಲಪುವುದು ಬ್ರೇಕರಿನ ಸುದ್ದಿ. ಬಂದ ಕ್ರಮವನ್ನೇ ನಂಬುವವನಿಗೆ ಕಾರ್ಯವು ಕಾರಣಕ್ಕಿಂತ ಮುಂಚೆ ನಡೆದಂತೆ ಕಾಣುವುದು! ಹಾಗೆಂದು ಎಲ್ಲವನ್ನೂ ಒಂದೇ ಸಾಲಿಗೆ ಹಾಕಿ, ನಡೆದ ಕ್ರಮದಲ್ಲಿಯೇ ಕಳುಹಿಸಿದರೆ, ನೂರು ಉಷ್ಣತೆಯ ಚೀಟಿಗಳ ಹಿಂದೆ ಬ್ರೇಕರಿನ ಚೀಟಿ ಸರದಿ ಕಾಯಬೇಕಾದೀತು. ಒಂದು ಕಡೆ ತ್ವರೆ, ಇನ್ನೊಂದು ಕಡೆ ಕ್ರಮ. ಎರಡೂ ಪೂರ್ತಿಯಾಗಿ ಸಿಗವು. ನಮ್ಮ ಅಭಿಪ್ರಾಯದಲ್ಲಿ, ಒಂದೇ ಅಪಘಾತದ ಕಥೆಯಲ್ಲಿ ಕೂಡಿ ಬರುವ ಸಂಗತಿಗಳನ್ನು, ಅವು ಬ್ರೇಕರಿನವಾಗಲಿ ಅಳತೆಯವಾಗಲಿ, ಒಂದೇ ವರ್ಗದಲ್ಲಿಡುವುದು ವಿವೇಕ. ಉಪಕರಣದ ಜಾತಿ ನೋಡಿ ವರ್ಗ ಮಾಡುವ ಪದ್ಧತಿಯು ಕಾಗದದ ಮೇಲೆ ಅಂದವಾಗಿ ಕಾಣುತ್ತದೆ. ಮಳೆಗಾಲದಲ್ಲಿ ಅದರ ಅಂದ ಉಳಿಯದು.

ಸಾಲು ತುಂಬಿದಾಗ

ಇನ್ನು ಬಫರಿನ ಮಾತು. ಚೀಟಿ ಕಳುಹಿಸಿದ ಮಾತ್ರಕ್ಕೆ ಪೆಟ್ಟಿಗೆಯು ಅದನ್ನು ಹರಿದುಹಾಕುವುದಿಲ್ಲ. 'ಮುಟ್ಟಿತು' ಎಂದು ಕೇಂದ್ರದಿಂದ ಉತ್ತರ ಬಂದ ಮೇಲೆಯೇ ಅಳಿಸುವುದು. ಅಂಚೆಯ ರಿಜಿಸ್ಟರ್ ಪತ್ರಕ್ಕೆ ಸಹಿ ಹಾಕಿಸಿಕೊಂಡು ಬರುವಂತೆ ಇದು. ದಾರಿ ನಡುವೆ ಸಂಪರ್ಕ ಕಡಿದರೆ ಚೀಟಿಗಳು ಅಲ್ಲಿಯೇ ಉಳಿದು, ಸಂಪರ್ಕ ಮರಳಿದಾಗ ಹೊರಡುವುವು. ಉತ್ತರವೇ ದಾರಿಯಲ್ಲಿ ಕಳೆದುಹೋದರೆ ಅದೇ ಚೀಟಿ ಎರಡು ಸಲ ಬಂದೀತು. ಎರಡು ಸಲ ಬರುವುದು ಒಂದೂ ಬಾರದಿರುವುದಕ್ಕಿಂತ ಲೇಸು.

ಆದರೆ ಬಫರಿಗೂ ಕೊನೆಯುಂಟು. ಒಂದು ಬಫರಿನಲ್ಲಿ ಸಾವಿರ ಚೀಟಿಗಳಿಗೆ ಎಡೆಯಿದೆ ಎಂದುಕೊಳ್ಳಿ. ಸಾಧಾರಣ ದಿನಗಳಲ್ಲಿ ಇದು ಧಾರಾಳ. ಮಲೆನಾಡಿನ ಮಳೆಗಾಲವಾದರೋ ಸಾಧಾರಣವಲ್ಲ. ಗೋಡೆಗಳು ಬೆವರುತ್ತವೆ, ಪೆಟ್ಟಿಗೆಯೊಳಗೆ ತೇವ ಕೂರುತ್ತದೆ, ಬೆಚ್ಚಗಿನ ಜಾಗವನ್ನು ಹುಡುಕಿಕೊಂಡು ಹಲ್ಲಿ, ಇರುವೆಗಳು ಬಂದು ಬಿಡಾರ ಹೂಡುತ್ತವೆ. ಯಾವುದೋ ಒಂದು ಬಾಗಿಲಿನ ಸ್ವಿಚ್ಚಿನ ಸಂಪರ್ಕ ಸಡಿಲವಾಗಿ, 'ತೆರೆದೆ, ಮುಚ್ಚಿದೆ' ಎಂದು ಸೆಕೆಂಡಿಗೆ ಹತ್ತು ಸಲ ನಡುಗಲಾರಂಭಿಸಿತೆನ್ನೋಣ. ನೂರು ಸೆಕೆಂಡಿನಲ್ಲಿ ಸಾವಿರ ಚೀಟಿ ತುಂಬಿಹೋಯಿತು! ನಿಜವಾದ ಅಪಾಯದ ಚೀಟಿಗೆ ನಿಲ್ಲಲು ಜಾಗವೇ ಇಲ್ಲ. ಸಂತೆಯಲ್ಲಿ ಒಬ್ಬ ಹುಚ್ಚನ ಕೂಗಾಟದಿಂದ ಇಡೀ ಸಂತೆಯ ಮಾತು ಅಡಗಿದಂತೆ.

ಇದಕ್ಕೆ ಮದ್ದು ಹಲವು. ಕೆಲವು ಮಿಲಿಸೆಕೆಂಡು ಸ್ಥಿರವಾಗಿ ನಿಂತ ಬದಲಾವಣೆಯನ್ನು ಮಾತ್ರ ನಂಬುವುದು. ಬಹಳ ನಡುಗುವ ಬಿಂದುವನ್ನು 'ಇದರ ಮಾತು ನಂಬಬೇಡಿ' ಎಂಬ ಒಂದೇ ಚೀಟಿ ಬರೆದು ಬಾಯಿ ಮುಚ್ಚಿಸುವುದು. ವರ್ಗವರ್ಗಕ್ಕೂ ಬೇರೆ ಬಫರ್ ಕೊಟ್ಟು, ಒಂದರ ಗಲಭೆ ಇನ್ನೊಂದಕ್ಕೆ ತಾಗದಂತೆ ನೋಡುವುದು. ಇಷ್ಟಾದರೂ ತುಂಬಿದರೆ ಹಳೆಯದನ್ನು ಬಿಸಾಡಬೇಕೇ, ಹೊಸದನ್ನು ನಿರಾಕರಿಸಬೇಕೇ? ತಯಾರಕರು ಎರಡು ಬಗೆಯಾಗಿಯೂ ಮಾಡುತ್ತಾರೆ. ಹಳೆಯದರಲ್ಲಿ ಅಪಘಾತದ ಮೂಲಕಾರಣ ಇರಬಹುದು. ಹೊಸದರಲ್ಲಿ ಈಗ ಮಾಡಬೇಕಾದ ಕೆಲಸದ ಸುಳಿವು ಇರಬಹುದು. ಯಾವುದನ್ನು ಬಿಸಾಡಿದರೂ ಪೆಟ್ಟಿಗೆಯು ಒಂದು ಮಾತನ್ನು ಮಾತ್ರ ಮರೆಮಾಚಕೂಡದು. ಡಿ.ಎನ್.ಪಿ.೩ರಲ್ಲಿ ಪ್ರತಿಯೊಂದು ಉತ್ತರದ ತಲೆಯಲ್ಲಿಯೂ ಕೆಲವು ಗುರುತಿನ ಬಿಟ್ಟುಗಳಿರುವುವು. ಅವುಗಳಲ್ಲೊಂದು 'ನನ್ನ ಬಫರ್ ಉಕ್ಕಿತು, ಕೆಲವು ಚೀಟಿ ಕಳೆದುವು' ಎಂಬ ತಪ್ಪೊಪ್ಪಿಗೆ. ಅದನ್ನು ಕಂಡ ಕೇಂದ್ರವು ಉಳಿದ ಘಟನೆಗಳೊಡನೆ ಸೊನ್ನೆಯ ವರ್ಗವನ್ನೂ ತರಿಸಿಕೊಂಡು, ತನ್ನ ಚಿತ್ರವನ್ನು ಹೊಸದಾಗಿ ಬರೆದುಕೊಳ್ಳುವುದು. ಘಟನೆಗಳನ್ನು ಮೊದಲು ತೆಗೆದುಕೊಂಡು ಆ ಮೇಲೆಯೇ ಸ್ಥಿತಿಯನ್ನು ತೆಗೆದುಕೊಳ್ಳಬೇಕು; ತಿರುಗುಮುರುಗಾದರೆ ಹಳೆಯ ಘಟನೆಯು ಹೊಸ ಸ್ಥಿತಿಯನ್ನು ಅಳಿಸಿಬಿಟ್ಟೀತು.

ಮೌನದ ಎರಡು ಅರ್ಥಗಳು

ಬದಲಾದರೆ ಮಾತ್ರ ಮಾತಾಡು ಎಂಬ ಏರ್ಪಾಡಿನಲ್ಲಿ ಒಂದು ಬಲವಾದ ಕುಂದಿದೆ. ಏನೂ ಬದಲಾಗದಿದ್ದರೆ ಮೌನ. ಪೆಟ್ಟಿಗೆಯೇ ಸತ್ತುಹೋದರೂ ಮೌನ. ಕೇಳುವವನಿಗೆ ಎರಡೂ ಒಂದೇ.

೨೦೦೩ರ ಆಗಸ್ಟ್ ೧೪ರಂದು ಅಮೆರಿಕದ ಓಹಿಯೋ ರಾಜ್ಯದಲ್ಲಿ ಇದರ ಘೋರ ರೂಪ ಕಾಣಿಸಿಕೊಂಡಿತು. ಅಲ್ಲಿನ ಒಂದು ವಿದ್ಯುತ್ ಸಂಸ್ಥೆಯ ನಿಯಂತ್ರಣ ಕೊಠಡಿಯಲ್ಲಿ, ಮಧ್ಯಾಹ್ನ ಎರಡೂಕಾಲು ಗಂಟೆಯ ಸುಮಾರಿಗೆ, ಎಚ್ಚರಿಕೆಗಳನ್ನು ಪರದೆಗೆ ತರುವ ಗಣಕ ಕಾರ್ಯಕ್ರಮವು ಸದ್ದಿಲ್ಲದೆ ನಿಂತುಹೋಯಿತು. ನಿಂತಿತೆಂಬ ಎಚ್ಚರಿಕೆಯನ್ನು ಕೊಡಬೇಕಾದುದೂ ಅದೇ! ಮೂರು ಗಂಟೆ ಐದು ನಿಮಿಷಕ್ಕೆ ೩,೪೫,೦೦೦ ವೋಲ್ಟಿನ ತಂತಿಯೊಂದು ಕಾಯ್ದು ಜೋತು ಮರಕ್ಕೆ ತಾಗಿ ಬಿದ್ದಿತು. ಅರ್ಧ ಗಂಟೆಯಲ್ಲಿ ಎರಡನೆಯದು, ಸ್ವಲ್ಪದರಲ್ಲಿಯೇ ಮೂರನೆಯದು, ಎಲ್ಲವೂ ಮರಕ್ಕೆ ತಾಗಿಯೇ. ಪರದೆಯ ಮೇಲೆ ಎಚ್ಚರಿಕೆ ಬಾರದುದರಿಂದ ಕೊಠಡಿಯವರು ಎಲ್ಲವೂ ಕ್ಷೇಮವೆಂದು ತಿಳಿದಿದ್ದರು. ಬೇರೆಯವರು ಫೋನು ಮಾಡಿ ಹೇಳಿದರೂ ಮೊದಮೊದಲು ನಂಬಿಕೆ ಹುಟ್ಟಲಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು. ನಾಲ್ಕು ಗಂಟೆ ಹತ್ತು ನಿಮಿಷದ ಹೊತ್ತಿಗೆ ಅಮೆರಿಕ, ಕೆನಡಾಗಳಲ್ಲಿ ಸುಮಾರು ೫ ಕೋಟಿ ಜನರು ಕತ್ತಲಿಗೆ ಬಿದ್ದರು.

ಮರ ತಾಗಿದ ಮೂರು ತಂತಿಗಳ ಕಥೆ ಹೊಸನಗರದವರಿಗೆ ಅಪರಿಚಿತವಲ್ಲ. ಅಳತೆ ಮಾತ್ರ ದೊಡ್ಡದು. ನಮ್ಮ ದೇಶದಲ್ಲಿಯೂ ೨೦೧೨ರ ಜುಲೈ ೩೦ ಮತ್ತು ೩೧ರಂದು ಉತ್ತರದ ಜಾಲಗಳು ಕುಸಿದುವು. ಎರಡನೆಯ ದಿನ ೬೦ ಕೋಟಿಗೂ ಹೆಚ್ಚು ಜನರಿರುವ ಪ್ರದೇಶ ಅದಕ್ಕೆ ಸಿಕ್ಕಿತು. ದಕ್ಷಿಣದ ಜಾಲವು ಆಗ ಉತ್ತರದೊಡನೆ ಏಕಮುಖ ವಿದ್ಯುತ್ತಿನ ಕೊಂಡಿಗಳಿಂದ ಮಾತ್ರ ಸೇರಿದ್ದುದರಿಂದ ನಾವು ಉಳಿದೆವು. ೨೦೧೩ರ ಡಿಸೆಂಬರ್ ೩೧ರಂದು ರಾಯಚೂರು-ಸೊಲ್ಲಾಪುರ ಮಾರ್ಗ ಸೇರಿದ ಮೇಲೆ, ಶರಾವತಿಯ ಯಂತ್ರಗಳು ಹಿಮಾಲಯದ ಯಂತ್ರಗಳೊಡನೆ ಹೆಜ್ಜೆ ಹಾಕಿಯೇ ತಿರುಗುತ್ತಿವೆ. ಇನ್ನು ಮೇಲೆ ದೂರದ ಸುದ್ದಿ ನಮಗೂ ಹತ್ತಿರದ ಸುದ್ದಿಯೇ.

ಮೌನಕ್ಕೆ ಪರಿಹಾರವೆಂದರೆ, ಘಟನೆ ಇರಲಿ ಇಲ್ಲದಿರಲಿ, ಗೊತ್ತಾದ ಅವಧಿಗೊಮ್ಮೆ ಸ್ಥಿತಿಯನ್ನೆಲ್ಲ ಕೇಳಿ ತಾಳೆ ನೋಡುವುದು. ಹಾಜರಿ ಕರೆಯುವ ಹಳೆಯ ಪದ್ಧತಿಯನ್ನು ಪೂರ್ತಿ ಬಿಟ್ಟಿಲ್ಲ. ಅರ್ಧ ಗಂಟೆಗೋ ಗಂಟೆಗೋ ಒಮ್ಮೆ ಮಾಡುವ ಸಂಪ್ರದಾಯವಾಗಿ ಅದು ಉಳಿದಿದೆ. ನಡುವೆ ಕೆಲವು ಸೆಕೆಂಡುಗಳಿಗೊಮ್ಮೆ 'ಇದ್ದೀಯಾ?' 'ಇದ್ದೇನೆ' ಎಂಬ ಸಣ್ಣ ಮಾತೂ ನಡೆಯುವುದು. ತಾಳೆಯಲ್ಲಿ ವ್ಯತ್ಯಾಸ ಕಂಡು, ಅದಕ್ಕೆ ಯಾವ ಘಟನೆಯ ಚೀಟಿಯೂ ಬಂದಿರದಿದ್ದರೆ, ಆಗ ಎಲ್ಲಿಯೋ ಚೀಟಿ ಕಳೆಯುತ್ತಿದೆಯೆಂದು ಸಿದ್ಧವಾಯಿತು.

ಗಡಿಯಾರಗಳ ಗೊಡವೆ

ಚೀಟಿಯ ಮೇಲೆ ಬರೆದ ವೇಳೆಯೇ ತಪ್ಪಾಗಿದ್ದರೆ ಮೇಲಿನ ಎಲ್ಲ ಶ್ರಮವೂ ವ್ಯರ್ಥ. ನಮ್ಮ ವಿದ್ಯುತ್ತು ಸೆಕೆಂಡಿಗೆ ೫೦ ಆವರ್ತ ಮಾಡುವುದು. ಒಂದು ಆವರ್ತಕ್ಕೆ ೨೦ ಮಿಲಿಸೆಕೆಂಡು. ರಿಲೇ, ಬ್ರೇಕರುಗಳ ಆಟವೆಲ್ಲ ಕೆಲವು ಆವರ್ತಗಳಲ್ಲಿ ಮುಗಿಯುತ್ತದೆ. ಪೆಟ್ಟಿಗೆಯೊಳಗಿನ ಸ್ಫಟಿಕದ ಗಡಿಯಾರವು ಹತ್ತು ಲಕ್ಷಕ್ಕೆ ಹತ್ತು ಪಾಲು ತಪ್ಪಿದರೂ ದಿನಕ್ಕೆ ೦.೮೬ ಸೆಕೆಂಡು, ಎಂದರೆ ೪೩ ಆವರ್ತ, ಹಿಂದೆಯೋ ಮುಂದೆಯೋ ಹೋಗುವುದು. ಅಂಥ ಎರಡು ಸ್ಟೇಷನ್ನುಗಳ ಚೀಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ಯಾವುದು ಮೊದಲೆಂದು ಹೇಳಲು ಬಾರದು. ೨೦೦೩ರ ಕತ್ತಲೆಯನ್ನು ವಿಚಾರಿಸಿದವರಿಗೆ ಇದೇ ದೊಡ್ಡ ತಲೆನೋವಾಯಿತು. ಅನೇಕ ದಾಖಲೆಗಳ ಗಡಿಯಾರಗಳು ಒಂದಕ್ಕೊಂದು ಹೊಂದದೆ, ಕ್ರಮವನ್ನು ಜೋಡಿಸುವುದರಲ್ಲಿ ಬಹಳ ಶ್ರಮ ಹಿಡಿಯಿತು. ಈಗ ಸ್ಟೇಷನ್ನುಗಳಲ್ಲಿ ಜಿ.ಪಿ.ಎಸ್. ಉಪಗ್ರಹಗಳಿಂದ ವೇಳೆಯನ್ನು ತಿದ್ದಿಕೊಳ್ಳುವ ಗಡಿಯಾರಗಳನ್ನಿಡುತ್ತಾರೆ.

ಡಿ.ಎನ್.ಪಿ.೩ ವೇಳೆಯನ್ನು ಬರೆಯುವ ರೀತಿ ಸ್ವಾರಸ್ಯವಾಗಿದೆ. ೧೯೭೦ರ ಜನವರಿ ೧ರಿಂದ ಕಳೆದ ಮಿಲಿಸೆಕೆಂಡುಗಳನ್ನು ಎಣಿಸಿ, ೪೮ ಬಿಟ್ಟುಗಳಲ್ಲಿ ಬರೆಯುತ್ತದೆ. ಎರಡನ್ನು ನಲವತ್ತೆಂಟು ಸಲ ಗುಣಿಸಿದರೆ ಬರುವಷ್ಟು ಮಿಲಿಸೆಕೆಂಡುಗಳು ಮುಗಿಯಲು ಸುಮಾರು ೮,೯೦೦ ವರ್ಷ ಬೇಕು. ಲೆಕ್ಕವನ್ನು ವಿದ್ಯಾರ್ಥಿಗಳು ಮಾಡಿ ನೋಡಬಹುದು. ಇಷ್ಟು ದೂರಾಲೋಚನೆ ಮಾಡಿದರೂ, ಒಂದು ಉಪಕರಣಕ್ಕೆ ಭಾರತೀಯ ವೇಳೆಯನ್ನೂ ಪಕ್ಕದ್ದಕ್ಕೆ ಗ್ರೀನ್‌ವಿಚ್ಚಿನ ವೇಳೆಯನ್ನೂ ಕೊಟ್ಟು, ಎರಡು ಚೀಟಿಗಳ ನಡುವೆ ಐದೂವರೆ ಗಂಟೆಯ ಅಂತರ ತಂದು ಕೂರಿಸುವುದನ್ನು ಯಾವ ಪ್ರೋಟೋಕಾಲೂ ತಪ್ಪಿಸಲಾರದು.

ಹೊಸ ಸ್ಟೇಷನ್ನುಗಳಲ್ಲಿ ಐ.ಇ.ಸಿ. ೬೧೮೫೦ ಎಂಬ ಇನ್ನೊಂದು ವ್ಯಾಕರಣ ಬಂದಿದೆ. ಇದರಲ್ಲಿ ಬಿಂದುಗಳಿಗೆ ಬರಿಯ ಸಂಖ್ಯೆಗಳ ಬದಲು ಹೆಸರುಗಳಿವೆ. ವರದಿಗಳಲ್ಲಿ ಬಫರುಳ್ಳದ್ದು, ಬಫರಿಲ್ಲದ್ದು ಎಂದು ಎರಡು ಬಗೆ. ಮೊದಲಿನದರಲ್ಲಿ ಪ್ರತಿ ವರದಿಗೂ ಒಂದು ಗುರುತಿರುವುದರಿಂದ, ಸಂಪರ್ಕ ಕಡಿದು ಮರಳಿದಾಗ ಕೇಂದ್ರವು 'ಇಂಥದರ ತನಕ ನನಗೆ ಮುಟ್ಟಿದೆ, ಮುಂದಿನದನ್ನು ಕೊಡು' ಎಂದು ಕೇಳಬಲ್ಲುದು. ಇದರಲ್ಲಿಯೇ ಗೂಸ್ ಎಂಬ ಒಂದು ಸಂದೇಶವೂ ಇದೆ. ಇಂಗ್ಲಿಷಿನಲ್ಲಿ ಹೆಬ್ಬಾತಿಗೆ ಆ ಹೆಸರು. ಹೆಬ್ಬಾತಿನಂತೆಯೇ ಅದು ಉತ್ತರಕ್ಕೆ ಕಾಯದೆ, ಒಂದೇ ಸುದ್ದಿಯನ್ನು ಮೊದಲು ಬೇಗಬೇಗನೆ, ಆ ಮೇಲೆ ನಿಧಾನವಾಗಿ, ಕೂಗುತ್ತಲೇ ಇರುವುದು. ಸ್ಟೇಷನ್ನಿನೊಳಗೆ ರಿಲೇಯಿಂದ ರಿಲೇಗೆ ಕೆಲವೇ ಮಿಲಿಸೆಕೆಂಡುಗಳಲ್ಲಿ ಮುಟ್ಟಬೇಕಾದ ಮಾತಿಗೆ ಇದು ಸರಿ. ಬೆಂಗಳೂರಿಗೆ ಕಳುಹಿಸುವ ಕಥೆಗೆ ಅಲ್ಲ.

ನಮ್ಮ ಅಡಕೆ ತೋಟಕ್ಕೆ ಮರಳೋಣ. ಹನ್ನೊಂದು ಗಂಟೆಗೆ ಕೊಂಬೆ ಬಿದ್ದಾಗ ಸಂಪರ್ಕವೂ ಮಳೆಯಲ್ಲಿ ಕಡಿದಿತ್ತೆಂದಿಟ್ಟುಕೊಳ್ಳಿ. ಹನ್ನೊಂದು ಗಂಟೆ ನಲವತ್ತು ನಿಮಿಷಕ್ಕೆ ಅದು ಮರಳುತ್ತದೆ. ಕೇಂದ್ರವು ಮೊದಲು ಮೂರು ವರ್ಗಗಳ ಘಟನೆಗಳನ್ನು, ಆ ಮೇಲೆ ಸೊನ್ನೆಯ ವರ್ಗವನ್ನು ಕೇಳುವುದು. ಪೆಟ್ಟಿಗೆಯು ನಲವತ್ತು ನಿಮಿಷಗಳಿಂದ ಹಿಡಿದುಕೊಂಡಿದ್ದ ಚೀಟಿಗಳನ್ನು ಒಪ್ಪಿಸುವುದು: ರಿಲೇ ಕೂಗಿದ್ದು, ಬ್ರೇಕರ್ ತೆರೆದದ್ದು, ತಾನಾಗಿ ಮುಚ್ಚಿದ್ದು, ಮತ್ತೆ ಕೂಗಿದ್ದು, ಮತ್ತೆ ತೆರೆದದ್ದು, ಬೀಗ ಬಿದ್ದದ್ದು. ಪ್ರತಿಯೊಂದರ ಮುಂದೆಯೂ ಮಿಲಿಸೆಕೆಂಡು. ಬಫರ್ ಉಕ್ಕಿದ ಗುರುತಿಲ್ಲ. ಆಪರೇಟರ್ ಆ ಸಾಲನ್ನು ಮೇಲಿನಿಂದ ಕೆಳಗೆ ಓದಿ, ಬ್ರೇಕರಿನ ಗುಂಡಿಯ ಕಡೆ ನೀಡಿದ್ದ ಕೈಯನ್ನು ಹಿಂದೆಗೆದು, ಫೋನೆತ್ತಿ, ಆ ಫೀಡರಿನ ಲೈನ್‌ಮನ್ನನ್ನು ಕರೆಯುತ್ತಾನೆ.